ಅಕ್ಕಿ ಬೂಷ್ಟಿನಿಂದ ಬಂದ ಗುಳಿಗಿ

ಐವತ್ತು ದಾಟಿದವರ ಮನಿಯೊಳಗ ಬಿ.ಪಿ., ಶುಗರ್ ಗುಳಿಗಿ ಜೋಡಿ ಈಗ ಕೊಲೆಸ್ಟ್ರಾಲ್ ಗುಳಿಗಿನೂ ಇರ್ತದ. ಸ್ಟ್ಯಾಟಿನ್ ಅಂತಾರಲ್ರಿ, ಅದು. ಅದರ ಮೂಲ ಅಕ್ಕಿಗೆ ಹತ್ತಿದ ಬೂಷ್ಟು ಅಂದ್ರ ನಂಬ್ತೀರೇನು?

ಅದನ್ನ ಹುಡುಕಿದವರು ಜಪಾನದ ಅಕಿರಾ ಎಂಡೊ. 1933ರಾಗ ರೈತರ ಮನಿಯೊಳಗ ಹುಟ್ಟಿದವರು. ಕೊಲೆಸ್ಟ್ರಾಲ್ ಬರೇ ತುಪ್ಪ, ಎಣ್ಣಿಯಿಂದ ಬರೂದಿಲ್ಲ. ನಮ್ಮ ಲಿವರ್ ತಾನೂ ತಯಾರು ಮಾಡ್ತದ. ಪೆನಿಸಿಲಿನ್ ಬೂಷ್ಟಿನಿಂದ ಬಂದಂಗ, ಈ ತಯಾರಿ ತಡಿಯೋ ವಸ್ತುನೂ ಬೂಷ್ಟಿನೊಳಗ ಸಿಗಬಹುದು ಅಂತ ಎಂಡೊ 1971ರಾಗ ಹುಡುಕ್ಲಿಕ್ಕೆ ಹತ್ತಿದ್ರು. ಸುಮಾರು 6000 ನಮೂನಿ ನೋಡಿದ್ರು. ಕಡೀಕ 1973ರಾಗ, ಕ್ಯೋಟೋದ ಅಂಗಡಿಯೊಂದರ ಅಕ್ಕಿಯೊಳಗಿನ ಬೂಷ್ಟಿನ್ಯಾಗ ಸಿಕ್ತು.

ಇಲಿಗೆ ಕೊಟ್ರ ಏನೂ ಉಪಯೋಗ ಆಗಲಿಲ್ಲ. ಆದ್ರೂ ಅವರು ಕೈ ಬಿಡಲಿಲ್ಲ. ತತ್ತಿಯೊಳಗ ಕೊಲೆಸ್ಟ್ರಾಲ್ ಭಾಳ, ಅಂದಮ್ಯಾಲ ತತ್ತಿ ಇಡೋ ಕೋಳಿ ರಕ್ತದಾಗೂ ಇರಬೇಕು ಅಂತ ವಿಚಾರ ಮಾಡಿ ಕೋಳಿಗೆ ಕೊಟ್ರು. ಹತ್ರ ಹತ್ರ ಅರ್ಧಕ್ಕ ಇಳೀತು! ಮುಂದ ನಾಯಿಗಳ ಪರೀಕ್ಷೆಯೊಳಗ ತೊಂದರಿ ಕಂಡು 1980ರಾಗ ಅವರ ಕಂಪನಿ ಆ ಕೆಲಸ ನಿಲ್ಲಿಸ್ತು. ಅಷ್ಟೊತ್ತಿಗೆ ಅಮೆರಿಕಾದ ಮರ್ಕ್ ಕಂಪನಿ ಬ್ಯಾರೆ ಬೂಷ್ಟಿನಿಂದ ಅಂಥಾದ್ದೇ ಲೋವಾಸ್ಟ್ಯಾಟಿನ್ ತಗದಿತ್ತು. 1987ರಾಗ ಅದಕ್ಕ ಅಲ್ಲಿ ಒಪ್ಪಿಗಿ ಸಿಕ್ತು.

ಕೊಲೆಸ್ಟ್ರಾಲ್ ಇಳಿದ್ರ ಜೀವ ಉಳೀತದೇನು? ಇದಕ್ಕ ಗಟ್ಟಿ ಉತ್ತರ ಬಂದದ್ದು 1994ರಾಗ. ಸ್ವೀಡನ್, ನಾರ್ವೆ ಕಡೆ 4444 ಹೃದಯರೋಗಿಗಳನ್ನ ಐದು ವರ್ಷಕ್ಕಿಂತ ಹೆಚ್ಚು ನೋಡಿದ್ರು. ಅವರೊಳಗ 827 ಮಂದಿ ಹೆಣ್ಮಕ್ಕಳು. ಅರ್ಧ ಮಂದಿಗೆ ಸಿಮ್ವಾಸ್ಟ್ಯಾಟಿನ್, ಅರ್ಧ ಮಂದಿಗೆ ಔಷಧ ಇಲ್ಲದ ಗುಳಿಗಿ. ಔಷಧ ಸಿಗದವರೊಳಗ 256 ಮಂದಿ ತೀರಿಕೊಂಡ್ರು, ಸಿಕ್ಕವರೊಳಗ 182.

ನೋಡ್ರಿ, ಈ ಲೆಕ್ಕ ವರ್ಷಗಟ್ಟಲೆ ಗುಳಿಗಿ ತಗೊಂಡವರದು. ನಮ್ಮೊಳಗ ಎಷ್ಟೋ ಮಂದಿ "ರಿಪೋರ್ಟ್ ನಾರ್ಮಲ್ ಬಂತಲ್ಲ" ಅಂತ ಬಿಟ್ಟೇಬಿಡ್ತಾರ. ಆ ನಾರ್ಮಲ್ ಬಂದದ್ದ ಗುಳಿಗಿಯಿಂದ, ಅದು ನಿಂತ್ರ ಲಿವರ್ ಮತ್ತ ತನ್ನ ಹಳೇ ಕೆಲಸಕ್ಕ ಹತ್ತತದ. ನೋವಿಲ್ಲ, ಬ್ಯಾನಿ ಇಲ್ಲ, ನಮಗ ತಿಳಿಯೂದೂ ಇಲ್ಲ.

ಎಲ್ಲಾರಿಗೂ ಈ ಗುಳಿಗಿ ಬೇಕಂತಲ್ಲ. ಯಾರಿಗೆ ಬೇಕು ಅಂತ ಡಾಕ್ಟರೇ ಹೇಳಬೇಕು. ಕೈಕಾಲು ನೋವು ಬಂದ್ರೂ ಅವರಿಗೇ ಹೇಳ್ರಿ, ಪ್ರಮಾಣ ಕಡಿಮಿ ಮಾಡ್ತಾರ ಇಲ್ಲಾ ಬ್ಯಾರೆ ಗುಳಿಗಿ ಕೊಡ್ತಾರ. ಮನ್ಯಾಗ ಎಲ್ಲಾರ ಗುಳಿಗಿ ನೆನಪು ಮಾಡೋ ಅಕ್ಕ-ತಂಗಿಯರ, ನಿಮ್ಮ ಗುಳಿಗಿ ಮರೀಬ್ಯಾಡ್ರಿ.