16 ಅಡಿಯ ದೋಣಿ ಸಾಕಾ, 24 ಅಡಿಯದ್ದೇ ಬೇಕಾ? ಕೊಳ್ಳುವ ಮೊದಲು ನೋಡಬೇಕಾದ್ದು

ಶಿರ್ವ: ಗಲ್ಫ್‌ನಿಂದ ಊರಿಗೆ ಬಂದವರು, ಹೊಳೆ ಬದಿ ಹೋಂಸ್ಟೇ ಮಾಡಿದವರು ಸ್ವಂತ ಸ್ಪೀಡ್ ಬೋಟ್ ತಗೊಂಡರೆ ಹೇಗೆ ಅಂತ ವಿಚಾರಿಸುವುದುಂಟು. ಎಷ್ಟು ಜನ ಕೂತ್ಕೊಳ್ಬಹುದು ಅಂತಲೇ ಹೆಚ್ಚಿನವರು ಮೊದಲು ಕೇಳುವುದು. ಯಾವ ನೀರಲ್ಲಿ ಓಡಿಸ್ತೀರಿ ಅನ್ನುವುದು ಅದಕ್ಕಿಂತ ಮುಖ್ಯ.

ಮಟ್ಟು, ಪಿತ್ರೋಡಿ ಕಡೆಯ ಉದ್ಯಾವರ ಹೊಳೆ ಅಥವಾ ಕೆಮ್ಮಣ್ಣು ಬದಿಯ ಸ್ವರ್ಣಾ ಹೊಳೆಯಾದರೆ 14ರಿಂದ 16 ಅಡಿಯ ಫೈಬರ್ ದೋಣಿ, 25ರಿಂದ 40 ಎಚ್‌ಪಿ ಎಂಜಿನ್ ಧಾರಾಳ. ನಾಲ್ಕೈದು ಜನ ಆರಾಮ ಹೋಗಬಹುದು. ನೀರು ಇಳಿತದಲ್ಲಿರುವಾಗ ಮರಳಲ್ಲಿ ಸಿಕ್ಕಿಬಿದ್ದರೆ ಇಬ್ಬರು ಇಳಿದು ನೂಕಿದರಾಯ್ತು. 24 ಅಡಿಯದ್ದು ಮರಳಿನ ಮೇಲೆ ಕೂತರೆ ಮುಂದಿನ ಭರತದವರೆಗೆ ಅಲ್ಲೇ ಕಾಯಬೇಕು.

ಕಡಲಿಗೆ ಇಳಿಸುವುದಾದರೆ ಮಾತು ಬೇರೆ. ಅಪಾಯ ಇರುವುದು ಅಳಿವೆಯಲ್ಲಿ. ಹೊಳೆ ನೀರು ರಭಸದಿಂದ ಹೊರಗೆ ಹೋಗುವಾಗ ಎದುರಿಂದ ಅಲೆ ಬಂದರೆ ಅದು ಅಲ್ಲಿ ಕಡಿದಾಗಿ ಎದ್ದು ಮುರೀತದೆ. ವಾಪಸ್ ಬರುವಾಗ ಒಂದು ಅಲೆ ಹಿಂದಿನಿಂದ ಸಣ್ಣ ದೋಣಿಯೊಳಗೆ ನುಗ್ಗಿದರೆ ಎಂಜಿನ್ ನಿಲ್ಲಬಹುದು, ದೋಣಿ ಅಡ್ಡ ತಿರುಗ್ತದೆ, ಮತ್ತೆ ಮಗುಚಲಿಕ್ಕೆ ಹೆಚ್ಚು ಹೊತ್ತು ಬೇಡ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ ಸುಮಾರು 6 ಕಿ.ಮೀ. ಬೆಳಿಗ್ಗೆ ಕನ್ನಡಿ ಹಾಗೆ ಇದ್ದ ನೀರು ಮಧ್ಯಾಹ್ನ ಗಾಳಿ ಎದ್ದ ಮೇಲೆ ಹಾಗೆಯೇ ಇರುವುದಿಲ್ಲ. ವಿ ಆಕಾರದ ತಳ ಇರುವ 22-24 ಅಡಿಯ ದೋಣಿ ಅಲೆ ಸೀಳಿಕೊಂಡು ಬರ್ತದೆ. ಹಾಗಂತ ಅಳಿವೆಯ ಗುರ್ತ ಇಲ್ಲದವರು ದೊಡ್ಡ ದೋಣಿ ಉಂಟಲ್ಲಾ ಅಂತ ಹೊರಡಬೇಡಿ. ಮೊದಲ ಹತ್ತು ಸಲ ಅಲ್ಲಿನ ಮೀನುಗಾರರೊಬ್ಬರನ್ನು ಕೂರಿಸಿಕೊಳ್ಳಿ.

ಖರ್ಚಿನ ಅಂದಾಜು: ಫುಲ್ ಸ್ಪೀಡಲ್ಲಿ ಪೆಟ್ರೋಲ್ ಎಂಜಿನ್ ಗಂಟೆಗೆ ಒಂದು ಎಚ್‌ಪಿಗೆ ಹೆಚ್ಚುಕಮ್ಮಿ ಮೂರನೇ ಒಂದು ಲೀಟರ್ ಕುಡೀತದೆ. 40 ಎಚ್‌ಪಿಗೆ 13 ಲೀಟರ್, 150 ಎಚ್‌ಪಿಗೆ 50 ಲೀಟರ್. ಸೀಮೆಎಣ್ಣೆ ಸಬ್ಸಿಡಿ ನಾಡದೋಣಿ ಮೀನುಗಾರರಿಗೆ, ಮೋಜಿಗೆ ಅಲ್ಲ. ಹೊಸ ದೋಣಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 40.

ನಮ್ಮ ಶಿರ್ವದಲ್ಲಿ ಕಡಲಿಲ್ಲ, ದೋಣಿಯನ್ನು ಟ್ರೈಲರಲ್ಲಿ ಎಳೆದುಕೊಂಡೇ ಹೋಗಬೇಕು. ಸಣ್ಣದನ್ನು ಜೀಪಿಗೆ ಕಟ್ಟಿ ಮಂಚಕಲ್ ಪೇಟೆ ದಾಟಿಸಬಹುದು, ಮಳೆಗಾಲಕ್ಕೆ ಮನೆಯ ಶೀಟಿನ ಮಾಡಿನಡಿ ಇಡಬಹುದು. ದೊಡ್ಡದಕ್ಕೆ ಕ್ರೇನ್ ಅಥವಾ ಒಳ್ಳೆಯ ಇಳಿಜಾರು ಬೇಕು, ನಾಲ್ಕು ತಿಂಗಳು ಇಡಲಿಕ್ಕೆ ಬಾಡಿಗೆ ಜಾಗವೂ ಬೇಕಾದೀತು. ಉಪ್ಪು ನೀರಲ್ಲಿ ಓಡಿಸಿದ ದಿನವೇ ಎಂಜಿನ್ನಿನೊಳಗೆ ಸಿಹಿನೀರು ಹಾಯಿಸದಿದ್ದರೆ ಎರಡೂ ಒಂದೇ, ತುಕ್ಕು!

ಸೆಕೆಂಡ್ ಹ್ಯಾಂಡ್ ಆದರೆ ಅಡ್ವಾನ್ಸ್ ಕೊಡುವ ಮೊದಲು ನೋಂದಣಿ ಪತ್ರ ಕೈಯಲ್ಲಿ ಹಿಡಿದು ನೋಡಿ. ಹೊಳೆಯಲ್ಲಿ ಓಡುವ ಯಂತ್ರದ ದೋಣಿಗೆ ಈಗ 2021ರ ಒಳನಾಡು ನೌಕೆಗಳ ಕಾಯ್ದೆ ಉಂಟು. ನೋಂದಣಿ, ಸರ್ವೆ, ವಿಮೆಯ ಬಗ್ಗೆ ಬಂದರು ಕಚೇರಿಯಲ್ಲೇ ಕೇಳಿ, ಮಾರುವವರ ಬಾಯಿಮಾತು ನಂಬಬೇಡಿ.

ವರ್ಷಕ್ಕೆ ಎರಡು ಸಲ ದ್ವೀಪ ನೋಡಲಿಕ್ಕೆ ಅಂತ 24 ಅಡಿಯದ್ದು ತಗೊಳ್ಳುವುದು ನನಗಂತೂ ದಂಡ ಅನ್ನಿಸ್ತದೆ, ಅದಕ್ಕೆ ಮಲ್ಪೆಯ ಟೂರಿಸ್ಟ್ ಬೋಟ್ ಉಂಟಲ್ಲ. ಯಾವ ದೋಣಿ ಕೊಂಡರೂ ಮಕ್ಕಳ ಅಳತೆಯ ಲೈಫ್ ಜಾಕೆಟ್ ಬೇರೆಯೇ ತಗೊಳ್ಳಿ. ದೊಡ್ಡವರದ್ದನ್ನು ಮಗುವಿಗೆ ಹಾಕಿದರೆ ನೀರಿಗೆ ಬಿದ್ದಾಗ ತಲೆ ಮೇಲಿಂದ ಜಾರಿ ಹೋಗ್ತದೆ.