ಓಟಕ್ಕೂ ಊರೂರು ಸುತ್ತಾಟಕ್ಕೂ ಒಂದೇ ಸೈಕಲ್



ನಮ್ಮ ಕಾಲದಲ್ಲಿ ಸೈಕಲ್ ಕೊಳ್ಳುವಾಗ ಆಯ್ಕೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಕಪ್ಪು ಬಣ್ಣದ, ಒಂದೇ ಗೇರಿನ, ಹಿಂದೆ ಕ್ಯಾರಿಯರ್ ಇದ್ದ ಆ ಭಾರವಾದ ಸೈಕಲ್ಲು ಹಾಲಿನ ಕ್ಯಾನನ್ನೂ ಹೊರುತ್ತಿತ್ತು, ಮೇಷ್ಟರನ್ನೂ ಹೊರುತ್ತಿತ್ತು. ಇಂದು ನಿಮ್ಮಲ್ಲಿ ಹಲವರು ಭಾನುವಾರ ಬೆಳಗಿನ ಜಾವಕ್ಕೇ ಎದ್ದು ನಂದಿಬೆಟ್ಟದ ಏರನ್ನು ತುಳಿಯುತ್ತೀರಿ. ರಜೆ ಸಿಕ್ಕಾಗ ಚೀಲ ಕಟ್ಟಿಕೊಂಡು ನಾಲ್ಕು ದಿನ ಊರೂರು ಸುತ್ತುವ ಆಸೆಯೂ ನಿಮಗಿದೆ. ಅಂಗಡಿಗೆ ಹೋದರೆ ಮಾತ್ರ, ಓಟದ ಸೈಕಲ್ ಬೇರೆ, ಪ್ರವಾಸದ ಸೈಕಲ್ ಬೇರೆ ಎಂಬ ಉತ್ತರ ದೊರೆಯುತ್ತದೆ. ಇವೆರಡನ್ನೂ ಒಂದೇ ಉಕ್ಕಿನ ಚೌಕಟ್ಟಿನಲ್ಲಿ ಕೂಡಿಸಬಹುದೆಂಬುದು ಹೊಸ ವಿಚಾರವೇನಲ್ಲ. ಅದರ ಹಿಂದೆ ನೂರು ವರ್ಷಕ್ಕೂ ಹಳೆಯದಾದ ಒಂದು ವಾದವಿದೆ. ಚರಿತ್ರೆ ಕಲಿಸಿದವನಾದ್ದರಿಂದ ಆ ವಾದದಿಂದಲೇ ಆರಂಭಿಸುತ್ತೇನೆ.

ಫ್ರಾನ್ಸ್ ದೇಶದ ಸೇಂತ್-ಎತಿಯೆನ್ ಕಲ್ಲಿದ್ದಲು, ಉಕ್ಕು ಮತ್ತು ಬಂದೂಕುಗಳಿಗೆ ಹೆಸರಾದ ಊರು. ಬಂದೂಕಿನ ನಳಿಗೆಯನ್ನು ಮಾಡಬಲ್ಲ ಕೈಗಳಿಗೆ ಸೈಕಲ್ಲಿನ ಭಾಗಗಳನ್ನು ಮಾಡುವುದು ಕಷ್ಟವಾಗಲಿಲ್ಲ. 1880ರ ದಶಕದಲ್ಲಿ ಅಲ್ಲಿ ಸೈಕಲ್ ತಯಾರಿಕೆ ಬೇರೂರಿತು. ಆ ಊರಿನಲ್ಲಿ ರೇಷ್ಮೆ ವ್ಯಾಪಾರ ಮಾಡಿಕೊಂಡಿದ್ದ ಪಾಲ್ ದ ವಿವಿ (1853–1930) ಎಂಬವರು ಆ ವ್ಯಾಪಾರವನ್ನು ಬಿಟ್ಟು ಸೈಕಲ್ ಅಂಗಡಿ ತೆರೆದರು. ‘ಲ ಸಿಕ್ಲಿಸ್ತ್’ ಎಂಬ ಪತ್ರಿಕೆಯನ್ನು ನಡೆಸಿದರು. ‘ವೆಲೊಸಿಯೊ’ ಎಂಬ ಅಂಕಿತದಿಂದ ಬರೆದರು. ಊರಿನ ಪಕ್ಕದಲ್ಲಿಯೇ 1,161 ಮೀಟರ್ ಎತ್ತರದ ಘಟ್ಟದ ದಾರಿ. ಒಂದೇ ಗೇರಿನಲ್ಲಿ ಅಂತಹ ಏರನ್ನು ಹತ್ತುವುದು ಮಂಡಿಗಳಿಗೆ ಶಿಕ್ಷೆಯೇ ಸರಿ. ಏರಿಗೆ ಒಂದು ಹಲ್ಲುಚಕ್ರ, ಸಮತಟ್ಟಿಗೆ ಇನ್ನೊಂದು ಇರಬೇಕು, ಕಾಲು ಒಂದೇ ಹದದಲ್ಲಿ ಸುತ್ತುತ್ತಿರಬೇಕು ಎಂಬುದು ವೆಲೊಸಿಯೊ ಅವರ ಪ್ರತಿಪಾದನೆ. ಅವರೂ ಅವರ ಬಳಗದವರೂ ಚೈನನ್ನು ಚಕ್ರದಿಂದ ಚಕ್ರಕ್ಕೆ ಸರಿಸುವ ಬಗೆಬಗೆಯ ಸಾಧನಗಳನ್ನು ಆ ಘಟ್ಟದ ಮೇಲೆಯೇ ಪರೀಕ್ಷಿಸಿ ನೋಡಿದರು.

ಎದುರು ಪಕ್ಷದ ನಾಯಕರು ಆನ್ರಿ ದೆಗ್ರಾಂಜ್, ಅಂದರೆ 1903ರಲ್ಲಿ ಟೂರ್ ದ ಫ್ರಾನ್ಸ್ ಪಂದ್ಯವನ್ನು ಆರಂಭಿಸಿದ ಪತ್ರಿಕಾ ಸಂಪಾದಕರು. 1902ರಲ್ಲಿ ಪಿರೆನೀಸ್ ಪರ್ವತಗಳ 2,115 ಮೀಟರ್ ಎತ್ತರದ ತುರ್ಮಲೆ ಘಟ್ಟದ ಹಾದಿಯಲ್ಲಿ ಸೈಕಲ್ಲುಗಳ ಒಂದು ಸ್ಪರ್ಧೆ ನಡೆಯಿತು. ಮಾರ್ತ್ ಹೆಸ್ ಎಂಬ ಮಹಿಳೆ ಸೇಂತ್-ಎತಿಯೆನ್‌ನಲ್ಲಿ ತಯಾರಾದ ಮೂರು ಗೇರಿನ ಸೈಕಲ್ಲಿನಲ್ಲಿ ಭಾಗವಹಿಸಿ ಎಲ್ಲರ ಗಮನ ಸೆಳೆದರು. ದೆಗ್ರಾಂಜ್ ಅವರ ಮನಸ್ಸು ಕರಗಲಿಲ್ಲ. ಗೇರು ಬದಲಿಸುವುದು 45 ವರ್ಷ ದಾಟಿದವರಿಗೆ ಸಲ್ಲುವ ಸೌಲಭ್ಯ, ಗೆಲುವು ಸ್ನಾಯುಬಲದಿಂದ ಬರಬೇಕೇ ಹೊರತು ಯಂತ್ರದ ಉಪಾಯದಿಂದಲ್ಲ ಎಂಬುದು ಅವರ ವಾದ. ಆ ವಾದದ ಫಲವನ್ನು ಅವರ ಪಂದ್ಯದ ಸವಾರರು ಮೂರು ದಶಕಗಳಿಗೂ ಹೆಚ್ಚು ಕಾಲ ಉಂಡರು. ಬೆಟ್ಟದ ಬುಡ ಬಂದೊಡನೆ ಕೆಳಗಿಳಿದು, ಎರಡೂ ಬದಿಯಲ್ಲಿ ಬೇರೆಬೇರೆ ಹಲ್ಲುಚಕ್ರವಿದ್ದ ಹಿಂಗಾಲಿಯನ್ನು ಬಿಚ್ಚಿ, ತಿರುಗಿಸಿ ಹಾಕಿಕೊಂಡು ಏರಬೇಕಾಗಿತ್ತು. ಆ ಪಂದ್ಯದಲ್ಲಿ ಡೀರೇಲರ್ ಗೇರಿಗೆ ಎಲ್ಲರಿಗೂ ಅನುಮತಿ ದೊರೆತದ್ದು 1937ರಲ್ಲಿ. ಆ ವರ್ಷ ಗೆದ್ದ ರೊಜೆ ಲಪೇಬಿ ಗೇರುಳ್ಳ ಸೈಕಲ್ಲಿನ ಮೇಲೆಯೇ ಗೆದ್ದರು. ಪ್ರವಾಸಿಗರು ಬಹುಕಾಲದಿಂದ ಬಲ್ಲುದನ್ನು ಓಟಗಾರರು ಕೊನೆಗೆ ಕಲಿತರೆನ್ನಬಹುದು.

ಅದಕ್ಕೆ ಒಂದು ವರ್ಷ ಮೊದಲು, 1936ರಲ್ಲಿ, ಫ್ರಾನ್ಸಿನ ಕಾರ್ಮಿಕರಿಗೆ ಸಂಬಳಸಹಿತ ಎರಡು ವಾರಗಳ ರಜೆ ಕಾನೂನಿನ ಹಕ್ಕಾಯಿತು. ಕಾರು ಕೊಳ್ಳಲಾರದ ಎಷ್ಟೋ ಮಂದಿ ಸೈಕಲ್ ಹತ್ತಿ ಮೊದಲ ಬಾರಿಗೆ ತಮ್ಮ ದೇಶವನ್ನು ತಾವೇ ನೋಡಿದರು. ಇಂತಹ ಸವಾರರಿಗಾಗಿ ಪ್ಯಾರಿಸ್ ಪಕ್ಕದ ಲವಲ್ವಾ-ಪೆರೆಯಲ್ಲಿ ಅಲೆಕ್ಸ್ ಸಿಂಗರ್, ರೆನೆ ಹೆರ್ಸ್ ಮೊದಲಾದ ಕುಶಲಕರ್ಮಿಗಳು ಸೈಕಲ್ ಕಟ್ಟಿದರು. ಓಟದ ಸೈಕಲ್ಲಿನ ಹಾಗೆ ಹಗುರ, ಚುರುಕು. ಆದರೆ ಅಗಲವಾದ ಟಯರು, ಮಡ್‌ಗಾರ್ಡ್, ದೀಪ, ಚೀಲ ಕೂರಿಸುವ ಕ್ಯಾರಿಯರ್ ಎಲ್ಲವೂ ಮೊದಲಿನಿಂದಲೇ ಚೌಕಟ್ಟಿನ ಲೆಕ್ಕದಲ್ಲಿ ಸೇರಿರುತ್ತಿದ್ದವು. ಇಂತಹ ಸೈಕಲ್ಲಿಗೆ ಒರೆಗಲ್ಲು ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿ. 1891ರಲ್ಲಿ ಪಂದ್ಯವಾಗಿ ಆರಂಭವಾದ ಈ ಸುಮಾರು 1,200 ಕಿ.ಮೀ. ದಾರಿಯಲ್ಲಿ 1931ರಿಂದ ವೃತ್ತಿಪರರಲ್ಲದವರೂ ತುಳಿಯತೊಡಗಿದರು. ಇಂದು ಅದು ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಗರಿಷ್ಠ ಅವಧಿ 90 ಗಂಟೆ. ಬೆಂಗಳೂರಿನಲ್ಲಿ ನಿಮ್ಮಲ್ಲಿ ಕೆಲವರು ಪಾಲ್ಗೊಳ್ಳುವ, 13 ಗಂಟೆ 30 ನಿಮಿಷಗಳಲ್ಲಿ ಮುಗಿಸಬೇಕಾದ 200 ಕಿ.ಮೀ. ‘ಬ್ರೆವೆ’ ಸವಾರಿ ಈ ಪರಂಪರೆಯದೇ ಕೊಂಬೆ.

ಗೇರಿನ ಕಥೆ ಫ್ರಾನ್ಸಿನದಾದರೆ, ಉಕ್ಕಿನ ಕಥೆಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋಗಬೇಕು. ಅಲ್ಲಿ ಮೊಳೆ ತಯಾರಿಸುತ್ತಿದ್ದ ರೆನಾಲ್ಡ್ಸ್ ಮನೆತನದವರು 1897ರಲ್ಲಿ ಒಂದು ವಿಶೇಷ ಕೊಳವೆಗೆ ಪೇಟೆಂಟ್ ಪಡೆದರು. ಬೆಸುಗೆ ಬೀಳುವ ಎರಡು ತುದಿಗಳಲ್ಲಿ ದಪ್ಪ, ನಡುವೆ ತೆಳು, ಹೊರಗಿನ ಅಳತೆ ಮಾತ್ರ ಉದ್ದಕ್ಕೂ ಒಂದೇ. ತುದಿಯಲ್ಲಿ 0.8 ಮಿ.ಮೀ., ನಡುವೆ 0.5 ಮಿ.ಮೀ. ದಪ್ಪದ ಕೊಳವೆ ಇದಕ್ಕೊಂದು ನಿದರ್ಶನ. 1935ರಲ್ಲಿ ಅವರೇ ಮ್ಯಾಂಗನೀಸ್ ಮತ್ತು ಮಾಲಿಬ್ಡಿನಮ್ ಬೆರೆತ ‘531’ ಎಂಬ ಉಕ್ಕನ್ನು ಹೊರತಂದರು. ಓಟಗಾರನೂ ಪ್ರವಾಸಿಗನೂ ದಶಕಗಳ ಕಾಲ ಆ ಒಂದೇ ಹೆಸರನ್ನು ನಂಬಿದರು. ಇಲ್ಲೊಂದು ವಿಜ್ಞಾನದ ಮಾತನ್ನು ನೆನಪಿಡಿ: ಅಗ್ಗದ ಉಕ್ಕಿಗೂ ದುಬಾರಿ ಉಕ್ಕಿಗೂ ಬಿಗುವಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ವ್ಯತ್ಯಾಸವಿರುವುದು ಬಲದಲ್ಲಿ. ಬಲ ಹೆಚ್ಚಿದಷ್ಟೂ ಕೊಳವೆಯನ್ನು ತೆಳುವಾಗಿಸಬಹುದು, ತೆಳುವಾದಷ್ಟೂ ಸೈಕಲ್ಲು ಹಗುರವಾಗುತ್ತದೆ. ಆದ್ದರಿಂದ ‘ಉಕ್ಕು’ ಎಂಬ ಒಂದೇ ಮಾತು ಕೇಳಿ ಕೊಳ್ಳಬೇಡಿ. ಯಾವ ಉಕ್ಕು, ಎಂತಹ ಕೊಳವೆ ಎಂದು ವಿಚಾರಿಸಿ.

ಉಕ್ಕು ಭಾರವಲ್ಲವೇ ಎಂದು ಕೇಳುವವರಿಗೆ ಒಂದು ಸಣ್ಣ ಲೆಕ್ಕ. ಒಳ್ಳೆಯ ಉಕ್ಕಿನ ಚೌಕಟ್ಟು ಸುಮಾರು 2 ಕೆ.ಜಿ., ಕಾರ್ಬನ್ನಿನದು ಸುಮಾರು 1 ಕೆ.ಜಿ. ಸವಾರ, ಸೈಕಲ್, ಸಾಮಾನು ಸೇರಿ 90 ಕೆ.ಜಿ. ಎಂದಿಟ್ಟುಕೊಂಡರೆ ಒಂದು ಕೆ.ಜಿ. ಎಂದರೆ ತೊಂಬತ್ತರಲ್ಲಿ ಒಂದು ಪಾಲು. ಒಂದು ಗಂಟೆಯ ಕಡಿದಾದ ಏರಿನಲ್ಲಿ ಅದು ಸುಮಾರು 40 ಸೆಕೆಂಡುಗಳ ಅಂತರ. ಪಂದ್ಯದಲ್ಲಿ ಅದು ಸೋಲುಗೆಲುವನ್ನು ನಿರ್ಣಯಿಸೀತು. ಬೆಟ್ಟದ ಮೇಲೆ ಕಾಫಿ ಕುಡಿಯುವವನಿಗೆ ಅದರ ಅರಿವೂ ಆಗದು. ಇತ್ತ ಉಕ್ಕು ಪೆಟ್ಟು ತಿಂದರೆ ಸಾಮಾನ್ಯವಾಗಿ ಮುರಿಯುವ ಮೊದಲು ಬಾಗುತ್ತದೆ. ನುರಿತ ಕೈಯ ಬೆಸುಗೆಯಿಂದ ಮತ್ತೆ ಕೂಡುತ್ತದೆ. ಅದರ ವೈರಿ ತುಕ್ಕು. ಮಲೆನಾಡಿನ ಮಳೆಯಲ್ಲಿ ತೊಯ್ದು ಬಂದರೆ ಸೀಟಿನ ಕೊಳವೆಯೊಳಗೆ ನಿಂತ ನೀರನ್ನು ಬಸಿದು, ಬಣ್ಣ ಎದ್ದ ಕಡೆ ಕೂಡಲೇ ಬಣ್ಣ ಹಚ್ಚಿ.

ಇನ್ನು ಆಯ್ಕೆಯ ವಿಚಾರ. ಎಲ್ಲಕ್ಕಿಂತ ಮೊದಲು ನಿಮ್ಮ ಮೈಯ ಅಳತೆ. ಚೌಕಟ್ಟು ಉದ್ದವಾಗಿ ಹ್ಯಾಂಡಲ್ ದೂರವಾದರೆ ಕುತ್ತಿಗೆಯೂ ಅಂಗೈಯೂ ದೂರು ಹೇಳುತ್ತವೆ; ಬಣ್ಣಕ್ಕೆ ಮರುಳಾಗಿ ಅಳತೆಯಲ್ಲಿ ರಾಜಿಯಾಗಬೇಡಿ. ಎರಡನೆಯದು, 32 ಮಿ.ಮೀ. ಅಗಲದ ಟಯರೂ ಅದರ ಮೇಲೆ ಮಡ್‌ಗಾರ್ಡೂ ಕೂರುವಷ್ಟು ಎಡೆ. ಟಯರು ಸಣ್ಣದಾದಷ್ಟೂ ವೇಗ ಹೆಚ್ಚೆಂಬುದು ಹಳೆಯ ನಂಬಿಕೆ. ಒರಟು ರಸ್ತೆಯಲ್ಲಿ ಅಗಲವಾದ, ಮೆದುವಾದ ಟಯರೇ ಶಕ್ತಿಯನ್ನು ಉಳಿಸುತ್ತದೆ. ಮೂರನೆಯದು, ಕ್ಯಾರಿಯರ್ ಬಿಗಿಯಲು ಚೌಕಟ್ಟಿನಲ್ಲಿಯೇ ತೂತುಗಳಿರಬೇಕು. ಪೆಡಲಿನ ಅಚ್ಚಿನಿಂದ ಹಿಂಗಾಲಿಯ ಅಚ್ಚಿಗೆ 43 ಸೆಂ.ಮೀ.ಗೆ ಕಡಿಮೆಯಿಲ್ಲದಿದ್ದರೆ ಒಳಿತು. ತೀರ ಹತ್ತಿರವಾದರೆ ಹಿಮ್ಮಡಿ ಚೀಲಕ್ಕೆ ತಗಲುತ್ತದೆ. ನಾಲ್ಕನೆಯದು ಗೇರು. ಮುಂದಿನ ಸಣ್ಣ ಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡ ಚಕ್ರಕ್ಕೂ 34 ಹಲ್ಲು ಇದ್ದರೆ, ಪೆಡಲ್ ಒಂದು ಸುತ್ತು ಬಂದಾಗ ಗಾಲಿಯೂ ಒಂದೇ ಸುತ್ತು ಬಂದು ಸೈಕಲ್ಲು ಸುಮಾರು 2.1 ಮೀಟರ್ ಮುಂದೆ ಸಾಗುತ್ತದೆ. ಘಾಟಿಗಳಿಗೆ ಇಷ್ಟಾದರೂ ಬೇಕು. ಚೀಲ ಹೊರುವುದಾದರೆ ಮುಂದಿನದು 30 ಹಲ್ಲಿನದಾಗಿರಲಿ.

ವೆಲೊಸಿಯೊ ಸವಾರರಿಗೆ ಏಳು ಸೂತ್ರಗಳನ್ನು ಬಿಟ್ಟುಹೋಗಿದ್ದಾರೆ. ಹಸಿವಾಗುವ ಮೊದಲು ತಿನ್ನಬೇಕು, ಬಾಯಾರುವ ಮೊದಲು ಕುಡಿಯಬೇಕು ಎಂಬುದು ಅವುಗಳಲ್ಲೊಂದು. ಕೊನೆಯ ಸೂತ್ರದ ಸಾರ, ಹಮ್ಮಿಗಾಗಿ ಎಂದೂ ಪೆಡಲ್ ತುಳಿಯಬಾರದು ಎಂಬುದು. ಈ ಸೂತ್ರ ಸವಾರಿಗೆ ಎಷ್ಟು ಸಲ್ಲುವುದೋ ಖರೀದಿಗೂ ಅಷ್ಟೇ ಸಲ್ಲುತ್ತದೆ. ಗೆದ್ದವನ ಸೈಕಲ್ಲನ್ನು ನೋಡಿ ಕೊಳ್ಳುವುದಕ್ಕಿಂತ, ನಿಮ್ಮ ಮಂಡಿ, ನಿಮ್ಮ ರಸ್ತೆ, ನಿಮ್ಮ ಹೊರೆಯನ್ನು ನೋಡಿ ಕೊಳ್ಳುವುದು ವಿವೇಕ. ದೆಗ್ರಾಂಜ್ ಅವರು ಎಳೆದ 45ರ ಗೆರೆಯನ್ನು ನನ್ನ ಮೊದಲ ತಂಡಗಳ ವಿದ್ಯಾರ್ಥಿಗಳು ಎಂದೋ ದಾಟಿದ್ದೀರಿ. ಉಳಿದವರೂ ದಾಟುವಿರಿ. ಒಳ್ಳೆಯ ಉಕ್ಕಿನ ಸೈಕಲ್ಲು ಆ ಗೆರೆಯ ಈಚೆಗೂ ಆಚೆಗೂ ನಿಮ್ಮ ಜೊತೆ ಬರುತ್ತದೆ. ಏರು ಬಂದಾಗ ಸಣ್ಣ ಗೇರು ಹಾಕಿಕೊಳ್ಳಿ, ನಾಚಬೇಡಿ; ದಾರಿಯ ಮರಗಿಡಗಳನ್ನೂ ಊರುಗಳನ್ನೂ ಕಣ್ತುಂಬ ನೋಡಿಕೊಂಡು ಕ್ಷೇಮವಾಗಿ ಮನೆ ಸೇರಿರಿ.