ಪೆಟ್ಟು ಬಿದ್ದ ಜಾಗದ ಗಂಟು

ಡೊಂಬಿವಲಿಯಲ್ಲಿ ಬೆಳಗಿನ ಫಾಸ್ಟ್ ಲೋಕಲ್ ಹತ್ತುವಾಗ ಮೊಣಕೈ ಪೆಟ್ಟು ತಿನ್ನುವುದು ಸುದ್ದಿಯೇ ಅಲ್ಲ. ನನ್ನ ಚಿಕ್ಕಮ್ಮನಿಗೆ ಒಮ್ಮೆ ಎದೆಗೇ ಬಲವಾಗಿ ಬಿತ್ತು. ನೀಲಿಗಟ್ಟಿದ್ದು ಹದಿನೈದು ದಿನದಲ್ಲಿ ಮಾಸಿತು. ಅದೇ ಜಾಗದಲ್ಲಿ ಗಟ್ಟಿ ಗಂಟೊಂದು ಉಳಿಯಿತು. “ರೈಲಿನ ಪೆಟ್ಟು ಕಣೇ, ತಾನಾಗಿಯೇ ಕರಗತ್ತೆ” ಎನ್ನುತ್ತಾ ಮೂರು ತಿಂಗಳು ತಳ್ಳಿದರು. ಕೊನೆಗೆ ಸೂಜಿ ಹಾಕಿ ಪರೀಕ್ಷೆ ಮಾಡಿಸಿದಾಗ ವರದಿಯಲ್ಲಿದ್ದ ಪದ ‘ಫ್ಯಾಟ್ ನೆಕ್ರೋಸಿಸ್’. ಕ್ಯಾನ್ಸರ್ ಅಲ್ಲ. “ಹಾಗಾದ್ರೆ ಏನದು? ನೀನು ಅನುವಾದ ಮಾಡೋಳಲ್ವಾ, ಕನ್ನಡದಲ್ಲಿ ಹೇಳು” ಎಂದರು.

ತಕ್ಷಣ ಹೇಳಲಾಗಲಿಲ್ಲ. ಗ್ರೀಕಿನ ‘ನೆಕ್ರೋಸ್’ ಎಂದರೆ ಸತ್ತದ್ದು, ಹೆಣ. ‘ಕೊಬ್ಬಿನ ಕೊಳೆತ’ ಎಂದರೆ ತಪ್ಪು. ಇಲ್ಲಿ ಸೋಂಕಿಲ್ಲ, ಕೀವಿಲ್ಲ. ‘ಗಡ್ಡೆ’ ಎಂದರೆ ನಮ್ಮ ಮನೆಗಳಲ್ಲಿ ಕ್ಯಾನ್ಸರ್ ಎಂದೇ ಅರ್ಥ. ಹೆಸರು ಹುಡುಕುತ್ತಾ ಅದರ ಚರಿತ್ರೆಗೆ ಇಳಿದೆ.

ಠಾಣೆಗೆ ಮೊದಲ ರೈಲು ಬಂದದ್ದು 1853ರಲ್ಲಿ. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಅದಾಗಿ ಸುಮಾರು ಮೂವತ್ತು ವರ್ಷಕ್ಕೆ, 1882ರಲ್ಲಿ, ಜರ್ಮನಿಯ ಬಾಲ್ಸರ್ ಎಂಬ ವೈದ್ಯ ಮೇದೋಜೀರಕ ಗ್ರಂಥಿಯ ಸುತ್ತ ಸತ್ತ ಕೊಬ್ಬನ್ನು ವಿವರಿಸಿದ. 1890ರಲ್ಲಿ ರಾಬರ್ಟ್ ಲಾಂಗರ್‌ಹಾನ್ಸ್ ಅದರಲ್ಲಿ ಕೊಬ್ಬಿನ ಆಮ್ಲವೂ ಕ್ಯಾಲ್ಸಿಯಂ ಕೂಡಿರುವುದನ್ನು ತೋರಿಸಿದ. ಇವೆರಡು ಸೇರಿದರೆ ಒಂದು ಬಗೆಯ ಸಾಬೂನು. ಬೋರ್‌ವೆಲ್ಲಿನ ಗಡಸು ನೀರಿಗೆ ಸೋಪು ಹಾಕಿದಾಗ ಬಕೆಟ್ಟಿನ ಅಂಚಿಗೆ ಅಂಟುವ ಬಿಳಿ ಗಸಿಯೂ ಅದೇ.

ಪೆಟ್ಟು ಬಿದ್ದರೆ ಚರ್ಮದಡಿಯ ಕೊಬ್ಬಿನ ಕೋಶಗಳು ಒಡೆದು ಎಣ್ಣೆ ಹೊರಬರುತ್ತದೆ. ರಕ್ತ ಸಿಗದೆ ಅಕ್ಕಪಕ್ಕದವೂ ಸಾಯುತ್ತವೆ. ದೇಹ ಆ ಎಣ್ಣೆಯ ಸುತ್ತ ಗೋಡೆ ಕಟ್ಟುತ್ತದೆ, ಇಲ್ಲವೇ ಗಾಯದ ನಾರು ಬೆಳೆದು ಗಟ್ಟಿಯಾಗಿ ಚರ್ಮವನ್ನು ಒಳಕ್ಕೆ ಎಳೆಯುತ್ತದೆ. ಕಾಲ ಕಳೆದಂತೆ ಕ್ಯಾಲ್ಸಿಯಂ ಕೂಡಬಹುದು. ತೊಡೆಯಲ್ಲೋ ಮೊಣಕಾಲ ಕೆಳಗೋ ಆದರೆ ಯಾರೂ ಅಷ್ಟು ಹೆದರುವುದಿಲ್ಲ. ಎದೆಯಲ್ಲಾದರೆ ಗಟ್ಟಿ ಗಂಟು, ಒಳಸೆಳೆದ ಚರ್ಮ ಎರಡೂ ಕ್ಯಾನ್ಸರಿನ ಗುರುತುಗಳೇ.

ಈ ಹೋಲಿಕೆಯ ಬೆಲೆ ದೊಡ್ಡದಿತ್ತು. 1890ರ ದಶಕದಿಂದ ಹಾಲ್‌ಸ್ಟೆಡ್ ಪದ್ಧತಿಯ ಶಸ್ತ್ರಚಿಕಿತ್ಸೆ ಹಬ್ಬಿತ್ತು: ಕ್ಯಾನ್ಸರ್ ಎಂದಾದರೆ ಸ್ತನದ ಜತೆಗೆ ಎದೆಯ ಸ್ನಾಯುವನ್ನೂ ತೆಗೆಯುವುದು. ಕೈಯಿಂದ ಮುಟ್ಟಿ ನೋಡಿದ ಅಂದಾಜು ತಪ್ಪಿದರೆ, ಬರೀ ಪೆಟ್ಟಿನ ಗಾಯಕ್ಕೆ ಇಷ್ಟು ದಂಡ. 1920ರಲ್ಲಿ ನ್ಯೂಯಾರ್ಕಿನ ಬರ್ಟನ್ ಲೀ ಮತ್ತು ಫ್ರಾಂಕ್ ಅಡೇರ್ ಪೆಟ್ಟಿನಿಂದಾಗುವ ಈ ಗಂಟನ್ನು ಕ್ಯಾನ್ಸರಿನಿಂದ ಬೇರ್ಪಡಿಸುವ ಬಗ್ಗೆ ಪ್ರಬಂಧ ಬರೆದರು. 1930ರಲ್ಲಿ ಅದೇ ಊರಿನ ಹೇಯ್ಸ್ ಮಾರ್ಟಿನ್ ಮತ್ತು ಎಡ್ವರ್ಡ್ ಎಲಿಸ್ ಸೂಜಿಯಿಂದ ಕೋಶಗಳನ್ನು ಹೀರಿ ಪರೀಕ್ಷಿಸುವ ವಿಧಾನವನ್ನು ಪ್ರಕಟಿಸಿದರು. ಕೊಯ್ಯುವ ಮೊದಲೇ ತಿಳಿದುಕೊಳ್ಳುವ ದಾರಿ ತೆರೆಯಿತು. ಪರೇಲಿನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ಶುರುವಾದದ್ದು 1941ರಲ್ಲಿ. ಈಗ ಅದರ ಕೇಂದ್ರವೊಂದು ನವಿ ಮುಂಬಯಿಯ ಖಾರ್‌ಘರ್‌ನಲ್ಲೂ ಇದೆ.

ಈ ಚರಿತ್ರೆಯನ್ನು ಅವಸರದಲ್ಲಿ ಓದಿದರೆ, ಪೆಟ್ಟಿನ ಕಥೆ ಕೇಳದ ವೈದ್ಯರದ್ದೇ ತಪ್ಪು ಅನ್ನಿಸಬಹುದು. ಆದರೆ ಕಥೆಯನ್ನಷ್ಟೇ ನಂಬುವುದೂ ಅಪಾಯ. ಫ್ಯಾಟ್ ನೆಕ್ರೋಸಿಸ್ ಆದ ಎಷ್ಟೋ ಜನರಿಗೆ ಪೆಟ್ಟು ಬಿದ್ದ ನೆನಪೇ ಇರುವುದಿಲ್ಲ. ಇನ್ನೊಂದೆಡೆ, ಪೆಟ್ಟು ಬಿದ್ದ ಜಾಗವನ್ನು ಮುಟ್ಟಿ ನೋಡಿಕೊಳ್ಳುವಾಗ ಮೊದಲೇ ಅಲ್ಲಿದ್ದ ಕ್ಯಾನ್ಸರ್ ಕೈಗೆ ಸಿಗುವುದೂ ಉಂಟು. ಲೋಕಲ್ಲಿನಲ್ಲಿ ದಿನಾ ತಳ್ಳಿಸಿಕೊಳ್ಳುವವರಿಗೆ ಪ್ರತಿಯೊಂದು ಗಂಟಿಗೂ ಒಂದು ಪೆಟ್ಟಿನ ಕಾರಣ ಸಿಕ್ಕೇ ಸಿಗುತ್ತದೆ. ಪೆಟ್ಟಿನ ಕಥೆ ಒಂದು ಸುಳಿವು ಮಾತ್ರ. ತೀರ್ಪು ಹೇಳಬೇಕಾದದ್ದು ಪರೀಕ್ಷೆ.

ಚಿಕ್ಕಮ್ಮನಿಗೆ ಕೊನೆಗೆ ಹೇಳಿದೆ: “ಪೆಟ್ಟಿಗೆ ಸತ್ತ ಕೊಬ್ಬಿನ ಗಂಟು.” ಅವರು ತಲೆಯಾಡಿಸಿದರು. “ನಾನೂ ಅದನ್ನೇ ಅಲ್ವೇನೆ ಹೇಳಿದ್ದು?”

ಹೌದು, ಅದನ್ನೇ ಹೇಳಿದ್ದರು. ಆದರೆ ಆ ಮೂರು ತಿಂಗಳು ಅವರಿಗೆ ಅದು ಗೊತ್ತಿರಲಿಲ್ಲ.